ಬಣ್ಣ ಹಚ್ಚುವ ಹಕ್ಕು

(ಅಫಜಲಪುರದಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಬರಹರೂಪ. ಮಾತಿನ ಜಾಡನ್ನು ಇದ್ದ ಹಾಗೆಯೇ ಉಳಿಸಿದ್ದೇನೆ.)



ವಿಷಯ ಏನು ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ‘ಮರದ ಕೆತ್ತನೆ, ಬಣ್ಣ, ಮ್ಯೂಸಿಯಂ’ ಎಂದಷ್ಟೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಸರ, ನಮ್ಮ ತಾಲೂಕಿನಾಗ ಮ್ಯೂಸಿಯಂ ಎಲ್ಲಿ ಅದರಿ?’ ಎಂದರು. ಇಲ್ಲ, ಗೊತ್ತು. ಕಲಬುರಗಿಯಲ್ಲಿ ಒಂದಿದೆ, ಸೇಡಂ ರಸ್ತೆಯ ಹಳೆಯ ಗುಮ್ಮಟಗಳಲ್ಲಿ. ಅಲ್ಲಿ ಕಲ್ಲಿನದೇ ರಾಜ್ಯ. ನಮ್ಮ ಅಜ್ಜಂದಿರಿಗಂತೂ ಮ್ಯೂಸಿಯಂ ಎಂದರೆ ಹೈದರಾಬಾದಿನ ಸಾಲಾರ್ ಜಂಗ್. 1951ರಲ್ಲಿ ತೆರೆದ ಆ ‘ಅಜಾಯಬ್ ಘರ್’ ನೋಡಿ ಬಂದವರು, ತಾಸಿಗೊಮ್ಮೆ ಗೊಂಬೆ ಹೊರಗೆ ಬಂದು ಗಂಟೆ ಹೊಡೆಯುವ ಗಡಿಯಾರದ ಕಥೆಯನ್ನು ವರ್ಷಗಟ್ಟಲೆ ಹೇಳುತ್ತಿದ್ದರು. ಹೀಗಾಗಿ ಮ್ಯೂಸಿಯಂ ಎಂದರೆ ಬೇರೆಯವರ ಸಾಮಾನು ಇರುವ ಜಾಗ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮದೇ ಸಾಮಾನು ಅಲ್ಲಿ ಹೋಗಿ ಕೂತರೆ ಏನಾಗುತ್ತದೆ, ಅದು ಇವತ್ತಿನ ಮಾತು.

ಮೊದಲು ಈ ಚೀಲದಲ್ಲಿರುವುದನ್ನು ತೆಗೆದು ತೋರಿಸುತ್ತೇನೆ. (ಓದುಗರಿಗೆ: ಅಂದು ಮೇಜಿನ ಮೇಲಿಟ್ಟಿದ್ದು ದೊಡ್ಡಾಟದ ಒಂದು ಭುಜಕೀರ್ತಿ. ಎಡ ಭುಜದ್ದು. ಬಲದ್ದು ಇಲ್ಲ.) ಹಗುರ ಮರ. ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಹೊರಕ್ಕೆ ಬಾಗಿದೆ. ನಡುವೆ ಕನ್ನಡಿ ಬಿಲ್ಲೆ ಕೂರಿಸಿದ ಗುಳಿ. ಬಿಲ್ಲೆ ಉದುರಿದೆ, ಅಂಟು ಉಳಿದಿದೆ. ತುದಿ ಮುರಿದ ಕಡೆ ಬೆರಳಿಟ್ಟು ನೋಡಿದರೆ ಬಣ್ಣದ ಪದರ ಎಣಿಸಲು ಬರುತ್ತದೆ. ಮೇಲೆ ಅಂಗಡಿಯ ಬೆಳ್ಳಿ ಪೇಂಟು, ಅದರ ಕೆಳಗೆ ಗುಲಾಬಿ, ಅದರ ಕೆಳಗೆ ಹಸಿರು, ಆಮೇಲೆ ಮಂಕಾದ ಹಳದಿ, ಎಲ್ಲಕ್ಕೂ ಅಡಿಗೆ ಮರದ ಮೈ ಮುಚ್ಚಿದ ಬಿಳಿ. ಹಿಂದಿನ ಮಗ್ಗುಲಿಗೆ ಬಣ್ಣವೇ ಇಲ್ಲ, ಬೆವರು ಕುಡಿದು ಕಪ್ಪಾಗಿದೆ. ದಾರ ಪೋಣಿಸುವ ತೂತು ಸವೆದು ಎರಡು ಪಟ್ಟು ಅಗಲವಾಗಿದೆ. ಎಷ್ಟು ರಾತ್ರಿ ಕುಣಿದರೆ ಮರದ ತೂತು ಅಷ್ಟು ಸವೆಯಬೇಕು ಲೆಕ್ಕ ಹಾಕಿ.

ಇದನ್ನು ಕೊಟ್ಟ ಮುತ್ಯಾ ಒಂದು ಕಾಲಕ್ಕೆ ರಾಕ್ಷಸನ ಪಾತ್ರಕ್ಕೆ ಹೆಸರಾದವರು. ಅವರ ಊರಲ್ಲಿ ಆಟ ನಿಂತು ಎಷ್ಟೋ ವರ್ಷವಾಗಿತ್ತು. ಮನೆಯ ಅಟ್ಟದ ಮೇಲೆ ಇಲಿ ಕಡಿಯುತ್ತಿದ್ದುದನ್ನು ಕೆಳಗಿಳಿಸಿ, ಧೋತರದ ಚುಂಗಿನಿಂದ ಧೂಳು ಒರೆಸಿ ಕೈಗಿಟ್ಟರು. ‘ಒಯ್ರಿ ಸರ. ಆದ್ರ ಒಂದ್ ಮಾತ್ ನೆಪ್ಪಿನಾಗ ಇರಲಿ. ಊರಾಗ ಆಟ ಮತ್ತ ಎದ್ದು ನಿಂತ್ರ, ಬಣ್ಣ ಹಚ್ಚಲಾಕ ಇದನ್ನ ವಾಪಸ್ ಕೊಡಬೇಕು ನೋಡ್ರಿ.’ ನಾನು ಆಗ ನಕ್ಕು ಹ್ಞೂಂ ಅಂದೆ. ಅವರು ನಗಲಿಲ್ಲ. ಈ ಉಪನ್ಯಾಸ ಆ ಒಂದು ಷರತ್ತಿನಿಂದಲೇ ಹುಟ್ಟಿದ್ದು.

ಈಗ ಬಹಳ ದೂರ ಹೋಗೋಣ. ಅಮೆರಿಕದ ಅಲಾಸ್ಕ, ಅದರ ಆಗ್ನೇಯದ ತುಂಡು ತುಂಡು ದ್ವೀಪಗಳು. ಮಳೆ, ಮಂಜು, ಕಡಲು, ದಟ್ಟ ಕಾಡು. ಭೀಮಾ ದಂಡೆಯ ನಮಗೆ ಕಲ್ಪಿಸಿಕೊಳ್ಳಲೂ ಕಷ್ಟವಾದ ಹಸಿ ನೆಲ. ಅಲ್ಲಿನ ಮೂಲ ಜನರನ್ನು ಪುಸ್ತಕಗಳು ಟ್ಲಿಂಗಿಟ್ ಎನ್ನುತ್ತವೆ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ನಮ್ಮ ಕಿವಿಗೆ ‘ಲಿಂಗಿತ್’ ಎಂದು ಕೇಳುತ್ತದೆ. ಕಲಬುರಗಿ ಕಡೆಯವರಿಗೆ ಇದನ್ನು ಕೇಳಿದ ಕೂಡಲೇ ಬೇರೆ ಏನೋ ನೆನಪಾಗುತ್ತದೆ. ಸಂಬಂಧ ಏನೂ ಇಲ್ಲ, ದಯವಿಟ್ಟು ಯಾರೂ ಲೇಖನ ಬರೆಯಬೇಡಿ.

ಇವರು ಮರ ಕೆತ್ತುವುದರಲ್ಲಿ ಎತ್ತಿದ ಕೈ. ಮುಗಿಲೆತ್ತರದ ಕಂಬ, ಮನೆಯೊಳಗಿನ ಬೋದಿಗೆ, ಹಲಗೆ ಬಗ್ಗಿಸಿ ಮಾಡಿದ ಪೆಟ್ಟಿಗೆ, ದೋಣಿಯ ಮೂತಿ, ಕುಣಿಯುವಾಗ ತಲೆಗಿಡುವ ಟೋಪಿ, ಎಲ್ಲದರ ಮೇಲೂ ಕಾಗೆ, ಹದ್ದು, ಕರಡಿ, ತಿಮಿಂಗಿಲ. ಮುಖ್ಯ ಬಣ್ಣ ಮೂರೇ: ಕಪ್ಪು, ಕೆಂಪು, ಹಸಿರು ಬೆರೆತ ನೀಲಿ. ಬಣ್ಣದ ಪುಡಿ ಮರಕ್ಕೆ ಕಚ್ಚಿಕೊಳ್ಳಲು ಸಾಮನ್ ಮೀನಿನ ಮೊಟ್ಟೆಯನ್ನು ಮರದ ತೊಗಟೆಯ ಜೊತೆ ಬಾಯಲ್ಲಿ ಅಗಿದು ಆ ರಸವನ್ನೇ ಅಂಟು ಮಾಡುತ್ತಿದ್ದರು. ನಮ್ಮ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜ ನೆನೆಸಿ ಅರೆದು ಅಂಟು ಮಾಡುತ್ತಾರಲ್ಲ, ಹಾಗೆ. ಕೈಗೆ ಸಿಗುವುದರಲ್ಲೇ ಅಂಟು ಹುಡುಕುವ ಜಾಣತನ ಎಲ್ಲ ಕಡೆಯೂ ಒಂದೇ.

ಅವರ ಸಮಾಜ ತಾಯಿಯ ಕಡೆಯಿಂದ ಬರುವ ಕುಲಗಳದ್ದು. ಎಲ್ಲ ಕುಲಗಳೂ ಎರಡು ಬಣದಲ್ಲಿ ಸೇರುತ್ತವೆ, ಕಾಗೆಯ ಬಣ, ಹದ್ದಿನ ಬಣ. ಕಾಗೆ ಬಣದವರ ಲಾಂಛನವನ್ನು ಕಾಗೆ ಬಣದವರೇ ಕೆತ್ತಿಕೊಳ್ಳುವುದು ಪದ್ಧತಿಯಲ್ಲ. ಎದುರು ಬಣದವರಿಂದ ಕೆತ್ತಿಸಿ, ದೊಡ್ಡ ಊಟ ಹಾಕಿ, ಎಲ್ಲರ ಎದುರು ಕೂಲಿ ಕೊಟ್ಟು, ಸಾಕ್ಷಿ ಮಾಡಿಕೊಂಡಾಗಲೇ ಅದು ಕುಲದ ಆಸ್ತಿ. ನಮ್ಮ ಹಳ್ಳಿಯಲ್ಲೂ ದ್ಯಾವಮ್ಮನ ಮೂರ್ತಿ ಕಡೆಯುವವರು ಬಡಿಗೇರರು, ಬಣ್ಣ ಹಚ್ಚುವವರು ಚಿತ್ರಗಾರರು, ಹೊರುವವರು ಇನ್ನೊಬ್ಬರು, ಉಡಿ ತುಂಬುವವರು ಮತ್ತೊಬ್ಬರು. ಎಲ್ಲರಿಗೂ ಆಯ ಇತ್ತು. ಇದನ್ನು ಸುಂದರ ಸಾಮರಸ್ಯ ಎಂದು ಹೊಗಳಲು ನಾನು ತಯಾರಿಲ್ಲ. ಹೊರುವವರು ಗುಡಿಯ ಒಳಗೆ ಬರುವಂತಿರಲಿಲ್ಲ ಎಂಬುದು ಇಲ್ಲಿ ಕೂತವರಿಗೆ ಗೊತ್ತು. ಆದರೂ ಒಂದು ಮಾತು ನಿಜ: ಆ ಮೂರ್ತಿಯನ್ನು ಯಾವನೊಬ್ಬನೂ ‘ನನ್ನದು’ ಎಂದು ಮಾರುವಂತಿರಲಿಲ್ಲ.

ಅಲಾಸ್ಕವನ್ನು ಅಮೆರಿಕ 1867ರಲ್ಲಿ ರಷ್ಯಾದಿಂದ ಕೊಂಡಿತು, 72 ಲಕ್ಷ ಡಾಲರಿಗೆ. ಅಲ್ಲಿದ್ದ ಜನರನ್ನು ಯಾರೂ ಕೇಳಲಿಲ್ಲ. ಮುಂದಿನ ಐವತ್ತು ವರ್ಷ ಅವರ ಕೆತ್ತನೆಗಳನ್ನು ಒಯ್ಯಲು ಮ್ಯೂಸಿಯಂಗಳ ಪೈಪೋಟಿ. ಹಾಗೆ ಊರು ಬಿಟ್ಟು ಹೋದ ಸಾಮಾನಿನ ಒಂದು ಕಥೆ ಹೇಳುತ್ತೇನೆ. 1882ರ ಅಕ್ಟೋಬರ್ 26ರಂದು ಅಂಗೂನ್ ಎಂಬ ಊರನ್ನು ಅಮೆರಿಕದ ನೌಕಾಪಡೆ ಸುಟ್ಟಿತು. ಕಾರಣ ಕೇಳಿ. ತಿಮಿಂಗಿಲ ಬೇಟೆಯ ಹಡಗಿನಲ್ಲಿ ಕೂಲಿಗಿದ್ದ ಅವರ ಹಿರಿಯನೊಬ್ಬ ಈಟಿಯ ಬಂದೂಕು ಸಿಡಿದು ಸತ್ತ. ಊರಿನವರು ಕಂಪನಿಗೆ ಪರಿಹಾರವಾಗಿ 200 ಕಂಬಳಿ ಕೇಳಿದರು. ಉತ್ತರವಾಗಿ ಬಂದದ್ದು ಫಿರಂಗಿ. ಮನೆ, ದೋಣಿ, ಚಳಿಗಾಲಕ್ಕೆ ಕೂಡಿಟ್ಟ ಆಹಾರ ಎಲ್ಲ ಬೂದಿ. ಹೊಗೆಗೆ ಆರು ಮಕ್ಕಳು ಸತ್ತರು. ಆ ಹೊತ್ತಿಗೆ ಊರಲ್ಲಿರದ ಒಂದು ದೋಣಿ ಮಾತ್ರ ಉಳಿಯಿತು. ಅದರ ಮೂತಿಗೆ ಕೆತ್ತಿದ ಬೀವರ್ ಪ್ರಾಣಿಯ ಮುಖ ಆಮೇಲೆ ಕಾಣೆಯಾಯಿತು. 1999ರಲ್ಲಿ ಅದೇ ಜನರ ಹಿರಿಯರು ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ತಮ್ಮ ಸಾಮಾನು ನೋಡುತ್ತ ಹೋದಾಗ, ಕಪಾಟಿನ ಮೇಲೆ ಅದು ಕೂತಿತ್ತು. ಗುರುತು ಹಿಡಿದರು. ವಾಪಸ್ ಬಂತು. ನೌಕಾಪಡೆ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್ 26ರಂದು, ಸುಟ್ಟು ಸರಿಯಾಗಿ 142 ವರ್ಷಕ್ಕೆ.

ಇನ್ನೊಂದು ಕೇಪ್ ಫಾಕ್ಸ್ ಎಂಬ ಊರಿನ ಕಥೆ. 1899ರಲ್ಲಿ ರೈಲ್ವೆ ಸಾಹುಕಾರ ಹ್ಯಾರಿಮನ್, ವಿಜ್ಞಾನಿಗಳನ್ನು ಹಡಗಿನಲ್ಲಿ ತುಂಬಿಕೊಂಡು ಹೋದ. ಊರು ಖಾಲಿ ಕಂಡಿತು. ಯಾರೂ ಇಲ್ಲ ಎಂದು ಕಂಬಗಳನ್ನು ಕಿತ್ತು ಹಡಗಿಗೆ ಹೇರಿದರು. ನಿಜವಾಗಿ ಅಲ್ಲಿನವರು ಕೆಲವು ವರ್ಷ ಹಿಂದೆ ಸ್ಯಾಕ್ಸ್‌ಮನ್ ಎಂಬಲ್ಲಿಗೆ ಹೋಗಿ ನೆಲೆಸಿದ್ದರು, ಅಷ್ಟೇ. ನಮ್ಮ ಕಂದಾಯ ಕಾಗದದಲ್ಲಿ ‘ಬೇಚಿರಾಕ್ ಗ್ರಾಮ’ ಎಂದು ಬರೆಯುತ್ತಾರಲ್ಲ, ದೀಪವಿಲ್ಲದ ಊರು. ದೀಪವಿಲ್ಲ, ಆದರೆ ಹಾಳೂರ ಹಣಮಪ್ಪನಿಗೆ ಶನಿವಾರ ಎಣ್ಣೆ ಒಯ್ಯುವವರು ಇದ್ದೇ ಇರುತ್ತಾರೆ. ಹ್ಯಾರಿಮನ್ನನ ಜೊತೆಗೆ ಒಬ್ಬ ನಮ್ಮ ತಲಾಟಿ ಇದ್ದಿದ್ದರೂ ಈ ಮಾತು ತಿಳಿಸುತ್ತಿದ್ದ. ಆ ಕಂಬಗಳು ಮರಳಿದ್ದು 2001ರಲ್ಲಿ. ಕೊಟ್ಟವುಗಳಲ್ಲಿ ಚಿಕಾಗೋದ ಫೀಲ್ಡ್ ಮ್ಯೂಸಿಯಂ ಒಂದು. ಊರಿನವರು ಬರಿಗೈಯಲ್ಲಿ ಕಂಬ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಹೊಸ ಮರದ ದಿಮ್ಮಿ ಕೊಟ್ಟರು, ಅವರ ಕುಶಲಿ ನೇಥನ್ ಜಾಕ್ಸನ್ ಅದರಲ್ಲಿ ಹೊಸ ಕಂಬ ಕೆತ್ತಿದರು. ಹಳೆಯದು ಊರಿಗೆ, ಹೊಸದು ಮ್ಯೂಸಿಯಮ್ಮಿಗೆ. ನನಗೆ ಈ ವ್ಯವಹಾರ ಬಹಳ ಇಷ್ಟವಾಯಿತು.

ಎಲ್ಲ ತಪ್ಪೂ ಹೊರಗಿನವರದ್ದೇ ಎಂದರೆ ಅದು ಅರ್ಧ ಸತ್ಯ. ಲೂಯಿ ಶಾಟ್ರಿಜ್ ಎಂಬಾತ ಅದೇ ಜನರವನು, ಕ್ಲಕ್ವಾನ್ ಎಂಬ ಊರಿನ ದೊಡ್ಡ ಮನೆತನದ ಮಗ. 1912ರಿಂದ ಇಪ್ಪತ್ತು ವರ್ಷ ಫಿಲಡೆಲ್ಫಿಯಾದ ಮ್ಯೂಸಿಯಮ್ಮಿನ ನೌಕರಿ ಮಾಡಿದ. ಕೆಲಸ ಒಂದೇ, ತನ್ನವರ ಮನೆಗಳಿಂದ ಹಳೆಯ ಸಾಮಾನು ಕೊಂಡು ಕಳಿಸುವುದು. ಇಲ್ಲೇ ಬಿಟ್ಟರೆ ಕೊಳೆತು ಹೋಗುತ್ತವೆ, ಅಲ್ಲಿದ್ದರೆ ನಮ್ಮ ಹೆಸರು ಉಳಿಯುತ್ತದೆ ಎಂದು ಅವನು ನಂಬಿದ್ದ. ತನ್ನದೇ ಊರಿನ ‘ತಿಮಿಂಗಿಲದ ಮನೆ’ಯ ಕಂಬಗಳನ್ನೂ ಕೊಳ್ಳಲು ಹೋದ, ಊರಿನವರು ಬಿಡಲಿಲ್ಲ. 1937ರಲ್ಲಿ ತೀರಿಕೊಂಡ. ಅದೇ ಕಂಬಗಳನ್ನು 1984ರಲ್ಲಿ ಮನೆಯವರು ಕೆಲವರು ಸೇರಿ ಒಬ್ಬ ವ್ಯಾಪಾರಿಗೆ ಕೊಟ್ಟುಬಿಟ್ಟರು. ಊರು ಕೋರ್ಟಿಗೆ ಹೋಯಿತು. 1993ರಲ್ಲಿ ಅವರದೇ ಬುಡಕಟ್ಟು ನ್ಯಾಯಾಲಯ ತೀರ್ಪು ಕೊಟ್ಟಿತು: ಕುಲದ ಸಾಮಾನನ್ನು ಒಬ್ಬಿಬ್ಬರು ಮಾರಲಾಗದು. ಮರು ವರ್ಷ ಕಂಬಗಳು ಕ್ಲಕ್ವಾನಿಗೆ ಬಂದವು. ಅಮೆರಿಕದ ಸಂಸತ್ತು 1990ರಲ್ಲಿ ಮಾಡಿದ ಕಾಯಿದೆಯಲ್ಲೂ ಇದೇ ಮಾತು ಇದೆ. ಸಮುದಾಯದ್ದು ಎಂದಾದರೆ ಮ್ಯೂಸಿಯಂ ಹಿಂದಿರುಗಿಸಬೇಕು.

ಶಾಟ್ರಿಜ್‌ನನ್ನು ಬಯ್ಯುವ ಮೊದಲು ನಮ್ಮ ಕಡೆ ತಿರುಗಿ ನೋಡೋಣ. ಉಡುಪಿ ಜಿಲ್ಲೆಯ ಶಿರಿಯಾರದ ಹತ್ತಿರ ಮೆಕ್ಕೆಕಟ್ಟು ಎಂಬ ಊರಿದೆ, ನಂದಿಕೇಶ್ವರನ ಗುಡಿ. ಅಲ್ಲಿ ಭೂತಗಳ ಮರದ ಉರುಗಳು ನೂರಕ್ಕೂ ಮಿಕ್ಕಿ. ಆಳೆತ್ತರದವೂ ಇವೆ; ನಂದಿ, ಕುದುರೆ, ಹುಲಿ, ಸೈನಿಕರು, ಹೆಂಗಸರು, ನಾಲಗೆ ಚಾಚಿದವರು. ಒಳಗೆ ಕಾಲಿಟ್ಟರೆ ಕೆಂಪು ಬಣ್ಣ ಮೈಮೇಲೆ ಬಂದ ಹಾಗೆ ಆಗುತ್ತದೆ. ನಾನು ಮೊದಲ ಸಲ ಹೋದಾಗ ಹಿಂದೆ ಸರಿದು ಹೊಸ್ತಿಲಿಗೆ ಎಡವಿದ್ದೆ.

ಇವು ಹೊಸ ಉರುಗಳು. ಹಳೆಯವು ದೆಹಲಿಯ ಪ್ರಗತಿ ಮೈದಾನದ ಪಕ್ಕದ ಕರಕುಶಲ ಮ್ಯೂಸಿಯಮ್ಮಿನಲ್ಲಿವೆ. ಮರ ಹಳತಾಯಿತು, ಗುಡಿ ಜೀರ್ಣೋದ್ಧಾರವಾಯಿತು, ಹೊಸದನ್ನು ಕೂರಿಸಿದ ಮೇಲೆ ಹಳೆಯದಕ್ಕೆ ಪೂಜೆಯಿಲ್ಲ. ಕಳ್ಳತನವಲ್ಲ, ಫಿರಂಗಿ ಇಲ್ಲ. ದೇವರು ಹೊಸ ಮರಕ್ಕೆ ಹೋದ ಮೇಲೆ ಉಳಿದದ್ದು ಹಳೆಯ ಮರ ಮಾತ್ರ ಎಂಬುದು ಭಕ್ತರ ಲೆಕ್ಕ. ಆ ಹಳೆಯ ಮರ ಎಂಥ ಶಿಲ್ಪ ಎಂಬುದು ಕಲೆ ಬಲ್ಲವರ ಲೆಕ್ಕ. ಎರಡೂ ಸರಿಯೇ. ದೆಹಲಿಯ ಉರುಗಳ ಬಣ್ಣ ಬಹುಪಾಲು ಹಾರಿಹೋಗಿದೆ, ಮರದ ಬಿರುಕು ಕಾಣುತ್ತದೆ, ಮೈ ಕಂದು. ನೋಡಿದವರು ‘ಎಂಥ ಗಂಭೀರ ಕಲೆ’ ಎಂದು ನಿಂತುಬಿಡುತ್ತಾರೆ, ನಾನೂ ನಿಂತೆ. ಆದರೆ ಮೆಕ್ಕೆಕಟ್ಟಿನ ಭೂತ ಎಂದೂ ಹಾಗೆ ಗಂಭೀರವಾಗಿ, ಕಂದಾಗಿ ಇರಲಿಲ್ಲ. ಅದು ಝಗಝಗ ಕೆಂಪಾಗಿ ಹೆದರಿಸುತ್ತಿತ್ತು. ದೆಹಲಿಯಲ್ಲಿ ನಾವು ಮೆಚ್ಚುವುದು ಬಣ್ಣ ಹಚ್ಚುವವರು ಇಲ್ಲದ ಮೇಲೆ ಉಳಿದದ್ದನ್ನು. ಅಲ್ಲಿ ಬಣ್ಣ ಹಚ್ಚಿದರೆ ಅಪರಾಧ, ಊರಲ್ಲಿ ಹಚ್ಚದಿದ್ದರೆ ಅಪರಾಧ.

ಮುತ್ಯಾನ ಷರತ್ತು ನನಗೆ ಅರ್ಥವಾದದ್ದು ದೆಹಲಿಯ ಆ ಉರುಗಳ ಮುಂದೆ. ಸಾಮಾನು ಯಾರ ಕಪಾಟಿನಲ್ಲಿದೆ ಎಂಬುದಕ್ಕಿಂತ ಅದಕ್ಕೆ ಮತ್ತೆ ಬಣ್ಣ ಹಚ್ಚುವ ಹಕ್ಕು ಯಾರಿಗಿದೆ ಎಂದು ಅವರು ಕೇಳಿದ್ದರು.

ಈ ಪ್ರಶ್ನೆಗೆ ಟ್ಲಿಂಗಿಟರು ಒಂದು ಉತ್ತರ ಹುಡುಕಿದ್ದಾರೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ 2005ರಲ್ಲಿ ಒಂದು ಕುಲದ ತಿಮಿಂಗಿಲ ಟೋಪಿಯನ್ನು ಆ ಕುಲದ ಹಿರಿಯನಿಗೆ ಮರಳಿ ಕೊಟ್ಟಿತು. ಆತ ಆಗ ಆಸ್ಪತ್ರೆಯಲ್ಲಿ, ಕೆಲವೇ ದಿನಕ್ಕೆ ತೀರಿಕೊಂಡರು. ಮುಂದೆ ಕುಲದವರ ಒಪ್ಪಿಗೆ ಪಡೆದು, ಆ ಟೋಪಿಯನ್ನು ಕಂಪ್ಯೂಟರಿನಲ್ಲಿ ಅಳತೆ ಹಿಡಿದು, ಯಂತ್ರದಿಂದ ಮರದಲ್ಲಿ ಕೊರೆದು, ಕೈಯಿಂದ ಬಣ್ಣ ಹಚ್ಚಿ ಒಂದು ಪ್ರತಿ ಮಾಡಿದರು. ಮ್ಯೂಸಿಯಮ್ಮಿನಲ್ಲಿ ಇರುವುದು ಆ ಪ್ರತಿ. ಅದನ್ನೂ ಕುಲದವರು ತಲೆಗಿಟ್ಟು ಕುಣಿದೇ ಕೊಟ್ಟಿದ್ದಾರೆ. ಮೂಲ ಟೋಪಿ ಊರಲ್ಲಿ ಕುಣಿಯುತ್ತದೆ. ಯಂತ್ರ ಕೊರೆದ ಟೋಪಿಗೆ ಜೀವ ಬರುತ್ತದೆಯೇ ಎಂದು ಕೇಳುವವರಿಗೆ, ಕಲ್ಲಿಗೆ ಹೇಗೆ ಬರುತ್ತದೆ ಎಂದು ನಾವು ಕೇಳಬಹುದು.

ನಮ್ಮ ರಾಜ್ಯದ ಜಾನಪದ ಸಂಗ್ರಹಾಲಯಗಳನ್ನು ಹಗುರವಾಗಿ ಆಡಬಾರದು. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಸಂಗ್ರಹಕ್ಕೆ ಜೀ.ಶಂ. ಪರಮಶಿವಯ್ಯನವರೂ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಹಳ್ಳಿಯಿಂದ ಹಳ್ಳಿಗೆ ಅಲೆದರು. ಸೋಮನ ಮುಖ, ಸೂತ್ರದ ಗೊಂಬೆ, ಬಯಲಾಟದ ಕಿರೀಟ, ಅವರು ತರದಿದ್ದರೆ ಇವುಗಳಲ್ಲಿ ಎಷ್ಟೋ ಒಲೆಗೆ ಹೋಗುತ್ತಿದ್ದವು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಲ್ಲಿ ತೆರೆಯಿತು. ಐಎಎಸ್ ಅಧಿಕಾರಿಯೊಬ್ಬರು ನಿವೃತ್ತಿಯ ನಂತರ ಇಂಥ ಕೆಲಸ ಮಾಡಿದ್ದು ಇನ್ನೊಂದು ಕಡೆ ಕಾಣೆ. ನನ್ನ ತಕರಾರು ಸಣ್ಣದು. ಸಂಗ್ರಹಾಲಯದ ಚೀಟಿಯಲ್ಲಿ ‘ಬಯಲಾಟದ ಕಿರೀಟ, ಉತ್ತರ ಕರ್ನಾಟಕ’ ಎಂದಿದ್ದರೆ ಸಾಲದು. ಉತ್ತರ ಕರ್ನಾಟಕ ಯಾರ ತಲೆಗೂ ಕಿರೀಟ ಇಡುವುದಿಲ್ಲ. ಯಾವ ಊರು, ಯಾರ ತಲೆ, ಯಾವ ಬಡಿಗೇರ?

ಕೊನೆಗೆ ನನ್ನ ಸ್ವಂತ ತಪ್ಪು. ಭೀಮೆಯ ದಂಡೆಯ ಒಂದು ಊರು, ಹೆಸರು ಬೇಡ. ಹಳೆಯ ದ್ಯಾವಮ್ಮನ ಗುಡಿ ಬಿಚ್ಚಿ ಆರ್‌ಸಿಸಿ ಕಟ್ಟುವ ಕಮಿಟಿ. ಓದಿದವ ಎಂದು ನನ್ನನ್ನೂ ಹಾಕಿಕೊಂಡಿದ್ದರು. ಹೊಸ ಮೂರ್ತಿ ಬಂತು. ಹಳೆಯ ಮೂರ್ತಿಯನ್ನು ಡೊಳ್ಳು ಬಾರಿಸಿಕೊಂಡು ಹೋಗಿ ಹೊಳೆಗೆ ಬಿಟ್ಟರು. ಅದು ಪದ್ಧತಿ, ಅದಕ್ಕೆ ನನ್ನ ಅಳಲಿಲ್ಲ. ಟ್ಲಿಂಗಿಟರೂ ಹಿಂದೆ ಕಂಬ ಬಿದ್ದರೆ ಎತ್ತಿ ನಿಲ್ಲಿಸುತ್ತಿರಲಿಲ್ಲ, ಮಣ್ಣಾಗಲು ಬಿಡುತ್ತಿದ್ದರು. ಆದರೆ ಪಲ್ಲಕ್ಕಿ, ಗಿಳಿ ಕೆತ್ತಿದ ಅದರ ಕಂಬಗಳು, ಗುಡಿಯ ಬಾಗಿಲ ಚೌಕಟ್ಟು, ಇವು ಮೂಲೆಯಲ್ಲಿ ಬಿದ್ದಿದ್ದವು. ಮೋಡಕಾದವನು ಬಂದ, ಕಟ್ಟಿಗೆಯ ತೂಕಕ್ಕೆ ಕೇಳಿದ, ಕಮಿಟಿ ಹೂಂ ಎಂದಿತು. ಠರಾವಿನ ಪುಸ್ತಕದಲ್ಲಿ ‘ಹಳೆ ಕಟ್ಟಿಗೆ ವಿಲೇವಾರಿ’ ಎಂದು ಬರೆದದ್ದು ನನ್ನ ಕೈ, ಕೆಳಗೆ ಸಹಿ ನನ್ನದು. ನೂರು ವರ್ಷ ದಾಟಿದ ಕೆತ್ತನೆ 1972ರ ಪುರಾತನ ವಸ್ತು ಕಾಯಿದೆಯ ಅಡಿ ಬರುತ್ತದೆ, ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಕೆಲವು ವರ್ಷದ ಮೇಲೆ ದೊಡ್ಡ ಊರೊಂದರ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಎದುರಿನ ಗೋಡೆಗೆ ಎರಡು ಕಂಬ, ಮೇಲೆ ಗಿಳಿ, ಬಣ್ಣ ಕೆರೆದು ವಾರ್ನಿಶ್ ಹೊಡೆದಿದ್ದರು. ನಮ್ಮ ದ್ಯಾವಮ್ಮನ ಪಲ್ಲಕ್ಕಿಯದೇ ಎಂದು ಎದೆ ಹೇಳಿತು. ಎದ್ದು ಹೋಗಿ ಕೇಳಲು ಬಾಯಿ ಬರಲಿಲ್ಲ. ತೋರಿಸಲು ಕೈಯಲ್ಲಿ ಒಂದು ಫೋಟೊ ಇರಲಿಲ್ಲ.

ಫೋಟೊದ ಬೆಲೆ ಏನು ಎಂದು ತಮಿಳುನಾಡಿನವರನ್ನು ಕೇಳಬೇಕು. ಶ್ರೀಪುರಂತಾನ್ ಗುಡಿಯಿಂದ ಕಳುವಾದ ನಟರಾಜ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿಯಲ್ಲಿ ಸಿಕ್ಕಾಗ, ಅದು ನಮ್ಮದೇ ಎಂದು ತೋರಿಸಲು ನೆರವಾದದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ತೆಗೆದಿಟ್ಟ ಕಪ್ಪು-ಬಿಳುಪು ಚಿತ್ರಗಳು. 2014ರಲ್ಲಿ ಮೂರ್ತಿ ಭಾರತಕ್ಕೆ ಬಂತು. ಅದು ಕಂಚು, ಹೆಸರಾಂತ ದೇವರು. ನಮ್ಮ ಮರದ ಗಿಳಿಯ ಚಿತ್ರ ತೆಗೆಯಲು ಪಾಂಡಿಚೇರಿಯಿಂದ ಯಾರೂ ಬರುವುದಿಲ್ಲ.

ಹಾಗಾಗಿ ಇಲ್ಲಿ ಕೂತ ಎಲ್ಲರಲ್ಲಿ, ವಿಶೇಷವಾಗಿ ಗುಡಿ ಕಮಿಟಿಯವರಲ್ಲಿ, ಅಲಾಯಿ ದೇವರ ಮಸೂತಿಯ ಮುಜಾವರರಲ್ಲಿ, ಆಟ ಕಟ್ಟುವ ಮೇಳದವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಜಾತ್ರೆಗೆ ತೇರಿಗೆ, ಪಲ್ಲಕ್ಕಿಗೆ, ಮೂರ್ತಿಗೆ ಬಣ್ಣ ಹಚ್ಚುವ ಹಿಂದಿನ ದಿನ, ಕಿಸೆಯಲ್ಲಿರುವ ಫೋನಿನಿಂದ ನಾಲ್ಕು ಮಗ್ಗುಲಿಂದ ನಾಲ್ಕು ಚಿತ್ರ ತೆಗೆಯಿರಿ. ಹಿಂಭಾಗ ಬಿಡಬೇಡಿ. ಪಕ್ಕಕ್ಕೆ ಒಂದು ಅಳತೆ ಪಟ್ಟಿ ಇಡಿ. ಕೆತ್ತಿದವರು ಯಾರು, ಬಣ್ಣ ಹಚ್ಚಿದವರು ಯಾರು, ಹೊರುವವರು ಯಾರು ಎಂದು ಮುತ್ಯಾಗಳನ್ನು ಕೇಳಿ ಠರಾವಿನ ಪುಸ್ತಕದಲ್ಲೇ ಬರೆಯಿರಿ. ಹೊರುವವರ ಹೆಸರನ್ನು ಮರೆಯದೆ ಬರೆಯಿರಿ. ಒಂದು ಪ್ರತಿ ಊರಿನ ಶಾಲೆಯಲ್ಲಿಡಿ.

ಈ ಭುಜಕೀರ್ತಿಯನ್ನು ವಾಪಸ್ ಚೀಲಕ್ಕೆ ಹಾಕುತ್ತಿದ್ದೇನೆ. ಮುತ್ಯಾ ಈಗಿಲ್ಲ. ಅವರ ಮೊಮ್ಮಗ ಕಳೆದ ತಿಂಗಳು ಫೋನ್ ಮಾಡಿದ್ದ; ಊರಿನ ಹುಡುಗರು ಸೇರಿ ಆಟ ಕಲಿಯುತ್ತಿದ್ದಾರಂತೆ. ನಾಳೆ ಬೆಳಗಿನ ಬಸ್ಸಿಗೆ ಆ ಊರಿಗೆ ಹೊರಟಿದ್ದೇನೆ.